ಮಂಡ್ಯದಲ್ಲಿ ‘ಹಿಟ್ಟು ಉಣ್ಣುತ್ತೀರಾ?’ ಎಂದರೆ

ಡೇರಿಯ ಜಗುಲಿಯಲ್ಲಿ ಕುಳಿತು ಯಂತ್ರದ ಮುಚ್ಚಳ ಬಿಚ್ಚುತ್ತಿದ್ದಾಗ ಕಾರ್ಯದರ್ಶಿ ಕೇಳಿದರು: “ಹಿಟ್ಟು ಉಣ್ಣುತ್ತೀರಾ ಸಾರ್?” ಧಾರವಾಡದವನಾದ ನನಗೆ ಹಿಟ್ಟೆಂದರೆ ಡಬ್ಬಿಯಲ್ಲಿರುವ ಹಿಟ್ಟೇ. ಅದನ್ನು ಉಣ್ಣುವುದು ಹೇಗೆ? ಈ ಕಡೆ ಹಿಟ್ಟೆಂದರೆ ರಾಗಿ ಮುದ್ದೆ ಎಂಬುದು ತಟ್ಟೆ ಮುಂದೆ ಬಂದ ಮೇಲೆಯೇ ತಿಳಿಯಿತು.

ಹಾಲು ಪರೀಕ್ಷಿಸುವ ಯಂತ್ರಗಳ ರಿಪೇರಿ ನನ್ನ ಕೆಲಸ. ಹತ್ತು ದಿನ ಮಂಡ್ಯ, ಮದ್ದೂರು, ಮಳವಳ್ಳಿ ಸುತ್ತಿನ ಹಳ್ಳಿಗಳಲ್ಲಿ ತಿರುಗಿದೆ. ಸಂಘಗಳಿಗೆ ಹಾಲು ಬರುವುದು ಬೆಳಿಗ್ಗೆ ಮತ್ತು ಸಂಜೆ; ರಿಪೇರಿ ಇವೆರಡರ ನಡುವೆ ಮುಗಿಯಬೇಕು. ಹಾಗಾಗಿ ಮಧ್ಯಾಹ್ನದ ಊಟ ಎಲ್ಲಿದ್ದೆನೋ ಅಲ್ಲೇ. ನೀವೂ ಇಂಥ ಕೆಲಸಕ್ಕೆ ಹೊರಟವರಾದರೆ ಬುತ್ತಿ ಕಟ್ಟಿಕೊಳ್ಳಬೇಡಿ.

ಮೊದಲ ತುತ್ತನ್ನು ರೊಟ್ಟಿಯಂತೆ ಅಗಿದೆ. ಅದು ದವಡೆಗೆ ಅಂಟಿ, ನಾಲಿಗೆಗೆ ಅಂಟಿ, ಮಾತೇ ನಿಂತುಹೋಯಿತು. ಕಾರ್ಯದರ್ಶಿಯವರ ತಾಯಿ ಬಾಗಿಲಲ್ಲಿ ನಿಂತು ನಗು ತಡೆದುಕೊಂಡು, “ಅಗಿಯಬೇಡಪ್ಪ, ನುಂಗು” ಎಂದರು. ಕ್ರಮ ಇಷ್ಟೇ: ನೆಲ್ಲಿಕಾಯಿಗಿಂತ ದೊಡ್ಡದಲ್ಲದ ತುತ್ತು ಮುರಿಯಬೇಕು, ಹೆಬ್ಬೆರಳಿನಿಂದ ಒತ್ತಿ ಸಣ್ಣ ಗುಳಿ ಮಾಡಬೇಕು, ಸಾರಿನಲ್ಲಿ ಹೊರಳಿಸಿ ಹಾಗೇ ಗಂಟಲಿಗೆ ಇಳಿಸಬೇಕು. ನನಗೆ ಕೈ ಕುದುರಲು ಮೂರು ದಿನ ಹಿಡಿಯಿತು. ಮುದ್ದೆ ಬಿಸಿಯಿರುವಾಗಲೇ ಉಣ್ಣಿ; ಆರಿದರೆ ಗಟ್ಟಿಯಾಗುತ್ತದೆ. ಹೋಟೆಲಿನಲ್ಲಾದರೆ ಮಧ್ಯಾಹ್ನ ಒಂದು ಗಂಟೆಗೆ ಮೊದಲೇ ಹೋಗಿ ಕುಳಿತುಬಿಡಿ. ಮೊದಲ ದಿನ ಒಂದೇ ಮುದ್ದೆ ಸಾಕು, ಕೊನೆಗೆ ಮಜ್ಜಿಗೆ ಇರಲಿ. ಉಂಡ ಮೇಲೆ ಅರ್ಧ ಗಂಟೆ ಸೂಕ್ಷ್ಮದ ಕೆಲಸಕ್ಕೆ ಕೈ ಹಾಕಬೇಡಿ. ಕಣ್ಣೆಳೆಯುತ್ತಿದ್ದಾಗ ನಾನೊಂದು ಸ್ಕ್ರೂ ಕಳೆದುಕೊಂಡು ಸಂಜೆಯವರೆಗೂ ನೆಲ ಹುಡುಕಿದೆ.

ಆದರೆ ನನ್ನನ್ನು ಗೆದ್ದದ್ದು ಮುದ್ದೆಯಲ್ಲ, ಬಸ್ಸಾರು. ಸೊಪ್ಪು, ಕಾಳು ಬೇಯಿಸಿ ನೀರು ಬಸಿಯುತ್ತಾರೆ. ಬೆಂದ ಕಾಳಿನಲ್ಲಿ ಒಂದು ಹಿಡಿಯನ್ನು ಕಾಯಿ, ಬೆಳ್ಳುಳ್ಳಿ, ಖಾರದ ಜೊತೆ ರುಬ್ಬಿ ಆ ನೀರಿಗೇ ಹಾಕಿ ಕುದಿಸುತ್ತಾರೆ. ಉಳಿದ ಸೊಪ್ಪು, ಕಾಳು ಒಗ್ಗರಣೆ ಕಂಡು ಪಲ್ಯವಾಗುತ್ತದೆ. ಒಂದೇ ಪಾತ್ರೆಯಿಂದ ಎರಡು ಅಡುಗೆ. ಹೋಳಿಗೆಯ ದಿನ ನಮ್ಮಲ್ಲಿ ಬೇಳೆ ಬಸಿದ ನೀರಿನಿಂದ ಕಟ್ಟಿನ ಸಾರು ಮಾಡುವುದಿಲ್ಲವೇ, ಲೆಕ್ಕ ಅದೇ. ನಮಗೆ ಹಬ್ಬಕ್ಕೊಮ್ಮೆ, ಇವರಿಗೆ ಯಾವ ಸಾದಾ ದಿನಕ್ಕಾದರೂ. ಉಪ್ಪೆಸರು ಎಂದು ಇನ್ನೊಂದಿದೆ. ಅದರಲ್ಲಿ ಖಾರವನ್ನು ಬೇರೆಯೇ ಅರೆದು ತಟ್ಟೆಯ ಅಂಚಿಗೆ ಇಡುತ್ತಾರೆ, ಬೇಕಾದಷ್ಟು ಕಲಸಿಕೊಳ್ಳುವುದು. ಮೆಣಸಿನಕಾಯಿಗೆ ಹೆದರದವನು ನಾನೆಂಬ ಹಮ್ಮಿನಿಂದ ಅದನ್ನೆಲ್ಲ ಒಮ್ಮೆಗೇ ಕಲಸಿಬಿಟ್ಟೆ. ಆ ಕಥೆ ಬೇಡ.

ಸಸ್ಯಾಹಾರಿಗಳು ಒಂದು ಎಚ್ಚರ ವಹಿಸಬೇಕು. ರಸ್ತೆ ಬದಿಯಲ್ಲಿ ‘ಮುದ್ದೆ ಊಟ’ ಎಂಬ ಫಲಕವಿದ್ದ ಕಡೆಯೆಲ್ಲ ಸೊಪ್ಪಿನ ಸಾರು ಸಿಗುವುದಿಲ್ಲ. ಒಂದು ಕಡೆ ಎಲೆ ಹಾಕಿದ ಮೇಲೆ ನಾಟಿ ಕೋಳಿ ಸಾರಿನ ಸೌಟು ಬಂತು; ಎದ್ದು ಬಂದೆ. ಕೂರುವ ಮೊದಲೇ ಕೇಳಿಬಿಡಿ. ಮಾಂಸ ತಿನ್ನುವ ನನ್ನ ಜೊತೆಗಾರನಂತೂ ಮಳವಳ್ಳಿ ತಾಲ್ಲೂಕಿನ ಬಂಡೂರು ಕುರಿಯ ಗುಣಗಾನವನ್ನು ಊರು ತಲುಪುವವರೆಗೂ ನಿಲ್ಲಿಸಲಿಲ್ಲ.

ಬೆಂಗಳೂರಿನಿಂದ ಬರುವವರು ಬಸ್ ಹತ್ತುವಾಗ ಅದು ಮಂಡ್ಯದ ಒಳಗೆ ಹೋಗುತ್ತದೆಯೇ ಎಂದು ಕಂಡಕ್ಟರನ್ನು ಕೇಳಿಕೊಳ್ಳಿ. 2023ರಲ್ಲಿ ಉದ್ಘಾಟನೆಯಾದ ದಶಪಥ ಹೆದ್ದಾರಿ ಮದ್ದೂರು, ಮಂಡ್ಯ ಎರಡರ ಒಳಗೂ ಬಾರದೆ ಹೊರಗಿನಿಂದಲೇ ಹೋಗುತ್ತದೆ, ತಡೆರಹಿತ ಬಸ್ಸುಗಳು ನಿಮ್ಮನ್ನು ನೇರ ಮೈಸೂರಿಗೆ ಒಯ್ದುಬಿಡಬಹುದು. ನನಗೆ ರೈಲೇ ವಾಸಿ. ಮದ್ದೂರು ವಡೆ ಹುಟ್ಟಿದ್ದು ರೈಲಿನವರಿಗಾಗಿಯೇ, ಸೀಟಿನ ಬಳಿಗೇ ಬರುತ್ತದೆ. ರವೆ, ಮೈದಾ, ಅಕ್ಕಿ ಹಿಟ್ಟು, ಈರುಳ್ಳಿಯ ಅದು ನಮ್ಮ ಉದ್ದಿನ ವಡೆಯಂತೆ ಮೆತ್ತಗಿರುವುದಿಲ್ಲ. ಬಿಸಿ ಇಲ್ಲದಿದ್ದರೂ ರುಚಿ ಕೆಡುವುದಿಲ್ಲ.

ಹೊರಡುವಾಗ ಎರಡು ಕಿಲೋ ರಾಗಿ ಹಿಟ್ಟು ತಂದೆ. ಕುದಿಯುವ ನೀರಿಗೆ ಹಿಟ್ಟು ಸುರಿದು, ಬೇಯುವವರೆಗೆ ಕಾಯದೆ ಕೋಲಾಡಿಸಿದೆ, ಬರೀ ಗಂಟು. ಅವ್ವ ಒಂದು ಮಾತೂ ಆಡದೆ ಅದಕ್ಕೆ ಇನ್ನಷ್ಟು ಹಿಟ್ಟು ಬೆರೆಸಿ ನಾದಿ, ತಟ್ಟಿ, ಹೆಂಚಿನ ಮೇಲೆ ರೊಟ್ಟಿ ಬೇಯಿಸಿದಳು.