ದರಿಯಾ ದೌಲತ್‌: ನೆರಳು ಕಾಯ್ದ ಗೋಡೆಗಳು

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆ ನೋಡುವುದಾದರೆ ಬೆಳಿಗ್ಗೆಯೇ ಹೊರಡಿ. ಪಡುವಣ ಗೋಡೆಯ ದೊಡ್ಡ ಯುದ್ಧಚಿತ್ರ ಆಗ ನೆರಳಲ್ಲಿರುತ್ತದೆ, ತೋಟದಿಂದ ಹಾಯ್ದು ಬರುವ ಮೆದು ಬೆಳಕಿನಲ್ಲಿ ಬಣ್ಣ ತಾನಾಗಿ ತೆರೆದುಕೊಳ್ಳುತ್ತದೆ. ಮಧ್ಯಾಹ್ನ ಕಳೆದ ಮೇಲೆ ಬಿಸಿಲು ನೇರ ಈ ಗೋಡೆಗೇ ನುಗ್ಗಲು ನೋಡುತ್ತದೆ. ಸುತ್ತಲೂ ಪರದೆ ಇಳಿಬಿಟ್ಟಿರುವುದು ಅದಕ್ಕೇ. ಬಿಸಿಲಿಂದ ಬಂದವರಿಗೆ ಒಳಗೆ ಮೊದಲು ಬರೀ ಕತ್ತಲೆ. ಎರಡು ಮೂರು ನಿಮಿಷ ಸುಮ್ಮನೆ ನಿಲ್ಲಬೇಕು. ಹೆಚ್ಚಿನವರು ಅಷ್ಟರೊಳಗೆ ಮುಂದೆ ಹೋಗಿಬಿಟ್ಟಿರುತ್ತಾರೆ ಎನ್ನುವುದೇ ಬೇಸರ.

ಟಿಪ್ಪು 1784ರಲ್ಲಿ ಕಟ್ಟಿಸಿದ ಈ ಬೇಸಿಗೆ ಅರಮನೆಯಲ್ಲಿ ತೇಗವೇ ಹೆಚ್ಚು. ಸುಮಾರು ಒಂದೂವರೆ ಮೀಟರ್ ಎತ್ತರದ ಜಗತಿ, ಅದರ ಅಂಚಿಗೇ ಕಂಬಸಾಲು, ನಾಲ್ಕೂ ಕಡೆ ಪಡಸಾಲೆ. ಜಗತಿ ನೆಲದ ತೇವವನ್ನು ಮರದಿಂದ ದೂರವಿಡುತ್ತದೆ, ಪಡಸಾಲೆ ಬಿಸಿಲು ಮಳೆಗಳನ್ನು ಗೋಡೆಯಿಂದ ದೂರವಿಡುತ್ತದೆ. ಮೂಡಣ, ಪಡುವಣ ಬದಿಗಳಿಗಷ್ಟೇ ಗೋಡೆ. ಉಳಿದೆರಡು ಬದಿಗಳಲ್ಲಿ ಕಂಬಗಳ ಮೇಲೆ ನಿಂತ, ಒಳಸರಿದ ಅಂಕಣಗಳು. ಮಹಡಿಯ ಮೆಟ್ಟಿಲುಗಳನ್ನು ಹುಡುಕಿದರೂ ಸುಲಭಕ್ಕೆ ಸಿಗವು. ನಡುವಿನ ಹಜಾರವನ್ನು ಮೂಲೆಯ ಕೋಣೆಗಳಿಂದ ಬೇರ್ಪಡಿಸುವ ನಾಲ್ಕು ಗೋಡೆಗಳೊಳಗೇ ಅವನ್ನು ಅಡಗಿಸಿಟ್ಟಿದ್ದಾರೆ. ತಲೆಯೆತ್ತಿದರೆ ಹೂಬಳ್ಳಿಯ ಚಾವಣಿ: ಮರದ ಹಲಗೆಗೆ ಕ್ಯಾನ್ವಾಸ್ ಬಟ್ಟೆ ಅಂಟಿಸಿ ಅದರ ಮೇಲೆ ಬರೆದದ್ದು. ತೇವ ಹೊಕ್ಕರೆ ಇಂಥ ಬಟ್ಟೆ ಉಬ್ಬಿ ಹಲಗೆಯಿಂದ ಬಿಟ್ಟುಕೊಳ್ಳುತ್ತದೆ. ಹಾಗಾಗಿ ಮಾಡಿನ ಒಂದು ಸಣ್ಣ ಸೋರಿಕೆಯೂ ಇಲ್ಲಿ ಸಣ್ಣದಲ್ಲ.

ಚಿತ್ರದ ಎದುರು ನಿಂತಾಗ ಇಡೀ ಗೋಡೆಯನ್ನು ಒಂದೇ ಸಲ ಹಿಡಿಯಲು ಹೋಗಬೇಡಿ. ಇದು ಹೈದರ್, ಟಿಪ್ಪು ಸೇನೆ ಇಂಗ್ಲಿಷ್ ಕುಂಪಣಿಯನ್ನು ಸೋಲಿಸಿದ 1780ರ ಪೊಳ್ಳಿಲೂರು ಕಾಳಗ. ಕೆಂಪಂಗಿಯ ಕುಂಪಣಿ ಸಿಪಾಯಿಗಳು ಚೌಕ ಕಟ್ಟಿ ನಿಂತಿದ್ದಾರೆ. ಅದರೊಳಗಿನ ಪಲ್ಲಕ್ಕಿಯನ್ನು ಮೊದಲು ಹುಡುಕಿ. ಅಲ್ಲಿ ಕುಳಿತವನು ಕುಂಪಣಿ ಪಡೆಯ ನಾಯಕ ಕರ್ನಲ್ ಬೇಲಿ, ಗಾಯಾಳು, ಬೆರಳು ಬಾಯಿಗೆ ಹೋಗಿದೆ. ಹತ್ತಿರದಲ್ಲೇ ಮದ್ದಿನ ಬಂಡಿ ಸಿಡಿಯುತ್ತಿದೆ. ಕಾಳಗದ ಗತಿ ತಿರುಗಿದ್ದು ಆ ಸ್ಫೋಟದಿಂದಲೇ, ಚಿತ್ರಕಾರನಿಗೆ ಅದು ಚೆನ್ನಾಗಿ ಗೊತ್ತಿತ್ತು. ದುರ್ಬೀನು ಹಿಡಿದ, ಮೈಸೂರಿನ ಪರ ನಿಂತ ಫ್ರೆಂಚ್ ಅಧಿಕಾರಿ ಲಾಲಿಯನ್ನೂ ಬಿಡಬೇಡಿ. ಹೈದರ್, ಟಿಪ್ಪು ಮಾತ್ರ ಇಷ್ಟೆಲ್ಲ ಗದ್ದಲದ ನಡುವೆಯೂ ಮೆರವಣಿಗೆ ಹೊರಟವರಷ್ಟು ನಿರಾಳ.

ಈಗ ಕಾಣುವ ಬಣ್ಣವೆಲ್ಲ 1784ರದ್ದೆಂದು ತಿಳಿಯಬಾರದು. ಚಿತ್ರ ಒಮ್ಮೆ ಅಳಿಸಿಹೋಗಿತ್ತು. 1799ರಲ್ಲಿ ಟಿಪ್ಪು ಮಡಿದ ನಂತರ ಇಲ್ಲಿ ವಾಸವಿದ್ದ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಅದನ್ನು ಸರಿಪಡಿಸಿದ. ಮುಂದೆ ಗವರ್ನರ್ ಜನರಲ್ ಡಾಲ್‌ಹೌಸಿಯ ಆದೇಶದಂತೆ ಮತ್ತೆ ಬರೆಸಲಾಯಿತು. ಹಾಗೆಂದು ಇದರ ಬೆಲೆ ಕುಗ್ಗುವುದಿಲ್ಲ.

ಹೊರಬಂದ ಮೇಲೆ ತೋಟ. ಇದು ಚಾರ್‌ಬಾಗ್, ಅಡ್ಡ ಉದ್ದ ಹಾದಿಗಳು ನೆಲವನ್ನು ನಾಲ್ಕು ಪಾಲು ಮಾಡುವ ವಿನ್ಯಾಸ. ಈಗಿನ ಹುಲ್ಲುಹಾಸು ಟಿಪ್ಪು ಕಾಲದ್ದಲ್ಲ, ಕಣ್ಣು ಅದರಲ್ಲೇ ನಿಲ್ಲುವುದು ಬೇಡ. ಉದ್ದನೆಯ ನೇರ ಹಾದಿಯ ನಟ್ಟನಡುವೆ ನಿಂತು ಹಿಂತಿರುಗಿ ನೋಡಿ. ಅಷ್ಟು ದೂರದಿಂದ ಗೋಡೆಯ ಚಿತ್ರ ಒಂದೂ ಕಾಣುವುದಿಲ್ಲ. ಕಾಣುವುದು ಅಗಲವಾದ ಮಾಡು, ಅದರಡಿ ಕಪ್ಪಗೆ ಮಡುಗಟ್ಟಿದ ನೆರಳು.