ಮಲೆನಾಡಿನ ರಸ್ತೆಗೆ ಎಕ್ಸ್‌ಟೆಂಡೆಡ್ ವಾರಂಟಿ ಬೇಕಾ ಬೇಡ್ವಾ

ಕಾಫಿಗೆ ರೇಟ್ ಏರಿದ ಮೇಲೆ ಮೂಡಿಗೆರೆ, ಸಕಲೇಶಪುರ, ಬೇಲೂರು ಕಡೆ ಹೊಸ ಗಾಡಿ ತಗೊಂಡವ್ರು ಬೇಕಾದಷ್ಟು ಜನ ಇದಾರೆ. ಈಗ ಆ ಗಾಡಿಗಳಿಗೆಲ್ಲ ಒಂದೊಂದಾಗಿ ಕಂಪನಿ ವಾರಂಟಿ ಮುಗಿಯೋ ಟೈಮ್ ಹತ್ರ ಬರ್ತಿದೆ, ಶೋರೂಮಿಂದ ಫೋನೂ ಶುರುವಾಗಿದೆ, ಸಾರ್ ಎಕ್ಸ್‌ಟೆಂಡೆಡ್ ವಾರಂಟಿ, ಅಂದ್ರೆ ದುಡ್ಡು ಕೊಟ್ಟು ಮುಂದುವರ್ಸೋ ವಾರಂಟಿ, ಈಗ್ಲೇ ಮಾಡ್ಸಿಬಿಡಿ ಆಮೇಲೆ ರೇಟ್ ಜಾಸ್ತಿ ಆಗತ್ತೆ ಅಂತ. ಮದುವೆ ಮನೇಲಿ ಊಟಕ್ಕೆ ಕೂತ್ರೂ ಇದೇ ಮಾತು. ಒಬ್ರು ಅದು ದುಡ್ಡು ದಂಡ ಅಂತಾರೆ, ಪಕ್ಕದಲ್ಲಿ ಕೂತವ್ರು ಅದಿದ್ದಿದ್ದಕ್ಕೆ ಉಳ್ಕೊಂಡೆ ಅಂತಾರೆ, ಇಬ್ರೂ ಹೇಳೋದು ನಿಜಾನೇ. ಯಾಕಂದ್ರೆ ಇಬ್ರ ಗಾಡಿ ಬೇರೆ ಬೇರೆ.

ನಾನು ಗಮನಿಸಿರೋದು ಇಷ್ಟು, ನಮ್ಮ ಕಡೆ ರಸ್ತೇಲಿ ಪದೇ ಪದೇ ಹಾಳಾಗೋ ಪಾರ್ಟ್‌ಗಳಿಗೆ ವಾರಂಟಿ ಬರಲ್ಲ, ವಾರಂಟಿ ಬರೋ ಪಾರ್ಟ್‌ಗಳು ಅಪರೂಪಕ್ಕೆ ಹಾಳಾಗ್ತವೆ ಆದ್ರೆ ಹಾಳಾದ್ರೆ ಮನೆ ಬಜೆಟ್ಟೇ ಅಲ್ಲಾಡಿಸ್ತವೆ. ಇದನ್ನ ತಲೇಲಿ ಇಟ್ಕೊಂಡು ಲೆಕ್ಕ ಹಾಕಿದ್ರೆ ಯಾರಿಗೆ ಬೇಕು ಯಾರಿಗೆ ಬೇಡ ಅನ್ನೋದು ತಾನಾಗೇ ಗೊತ್ತಾಗತ್ತೆ.

ಮೊದ್ಲು ಹಾಳಾಗೋದ್ರ ಬಗ್ಗೆ. ಶಿರಾಡಿ ಘಾಟೀಲಿ ಟ್ಯಾಂಕರ್ ಹಿಂದೆ ಸಿಕ್ಕಾಕ್ಕೊಂಡು ಹಾಫ್ ಕ್ಲಚ್ಚಲ್ಲಿ ಹತ್ತೋದು ನಮಗೆಲ್ಲ ಅಭ್ಯಾಸ ಆಗೋಗಿದೆ, ಅಲ್ಲೇ ಕ್ಲಚ್ ಪ್ಲೇಟ್ ಸವೆಯೋದು. ಇಳಿಯೋವಾಗ ಗೇರಲ್ಲಿ ಹಿಡಿದು ಇಳಿಸೋದು ಬಿಟ್ಟು ಬ್ರೇಕ್ ಮೇಲೇ ಕಾಲಿಟ್ರೆ ಪ್ಯಾಡು ಡಿಸ್ಕು ಎರಡೂ ಹೋಗ್ತವೆ. ತೋಟದ ದಾರಿ ಅಂತೂ ಹೇಳೋದೇ ಬೇಡ, ಮಳೆಗಾಲ ಮುಗಿಯೋ ಹೊತ್ತಿಗೆ ಚಕ್ರದ ಸಸ್ಪೆನ್ಷನ್ನಿನ ಲಿಂಕ್ ರಾಡ್, ಲೋಯರ್ ಆರ್ಮ್ ಬುಷ್ಷು, ಬಾಲ್ ಜಾಯಿಂಟ್ ಒಂದೊಂದೇ ಕಟ ಕಟ ಅನ್ನಕ್ಕೆ ಶುರು ಮಾಡ್ತವೆ. ಜೊತೆಗೆ ಟೈರು, ವೈಪರ್ ಬ್ಲೇಡು, ಬಲ್ಬು. ಇವೆಲ್ಲ ಸವೆಯೋ ಸಾಮಾನು ಅಂತ ವಾರಂಟಿ ಬುಕ್ಕಲ್ಲಿ ಹೊರಗಿಟ್ಟಿರ್ತಾರೆ, ಬುಷ್ಷು ಶಾಕ್ ಅಬ್ಸಾರ್ಬರ್ ವಿಷಯದಲ್ಲಿ ಕಂಪನಿಯಿಂದ ಕಂಪನಿಗೆ ಸ್ವಲ್ಪ ವ್ಯತ್ಯಾಸ ಇರತ್ತೆ ಅಷ್ಟೆ. ಬ್ಯಾಟರಿ ಟೈರಿಗೆ ಅವನ್ನ ಮಾಡಿದ ಕಂಪನೀದೇ ಬೇರೆ ವಾರಂಟಿ. ನಾನು ಗಾಡಿ ಬಿಡೋ ಗ್ಯಾರೇಜಿನ ಅಣ್ಣ ಒಂದ್ಸಲ ಹೇಳಿದ್ದು ನಂಗೆ ಈಗ್ಲೂ ನೆನಪಿದೆ, "ಹೈವೇಲಿ ಓಡಿರೋ ಐವತ್ ಸಾವಿರಕ್ಕೂ ಘಾಟಿ ಹತ್ತಿ ಇಳ್ದಿರೋ ಐವತ್ ಸಾವಿರಕ್ಕೂ ಸಂಬಂಧಾನೇ ಇಲ್ಲ ಸಾರ್, ಮೀಟ್ರಲ್ಲಿ ಮಾತ್ರ ಒಂದೇ ಕಾಣದು."

ಇನ್ನು ವಾರಂಟಿ ಒಳಗೆ ಬರೋವು. ಎಂಜಿನ್ ಗೇರ್‌ಬಾಕ್ಸ್ ಒಳಗಿನ ಸಾಮಾನು, ಇಸಿಯು ಅನ್ನೋ ಎಂಜಿನ್ ಕಂಪ್ಯೂಟರ್, ಪವರ್ ಸ್ಟೇರಿಂಗ್ ಮೋಟ್ರು, ಎಸಿ ಕಂಪ್ರೆಸರ್ರು, ಆಲ್ಟರ್ನೇಟರ್, ಸ್ಟಾರ್ಟರ್, ಡೀಸೆಲ್ಲಾದ್ರೆ ಇಂಜೆಕ್ಟರು ಪಂಪು ಟರ್ಬೊ. ಈ ಕಾಲದ ಗಾಡೀಲಿ ಇವನ್ನ ರಿಪೇರಿ ಮಾಡೋದು ಕಮ್ಮಿ, ಇಡೀ ಅಸೆಂಬ್ಲಿನೇ ಬದಲಾಯಿಸ್ತಾರೆ, ಅದ್ಕೇ ಬಿಲ್ ಹಂಗೆ ಬರೋದು. ಸಕಲೇಶಪುರದಲ್ಲಿರೋ ನಮ್ಮ ಭಾವಂದು ದೊಡ್ಡ ಡೀಸೆಲ್ ಆಟೋಮ್ಯಾಟಿಕ್ ಗಾಡಿ. ನಾಲ್ಕನೇ ವರ್ಷದಲ್ಲಿ, ಜಡಿ ಮಳೆ ಹಿಡ್ಕೊಂಡಿದ್ದಾಗ, ಎಂಜಿನ್ ಅದುರಿ ಪಿಕಪ್ಪೇ ಇಲ್ದಂಗಾಯ್ತು, ಟೋ ಮಾಡ್ಕೊಂಡು ಹಾಸನಕ್ಕೆ ತಗೊಂಡೋದ್ರೆ ಸ್ಕ್ಯಾನರ್ ಹಾಕಿ ನಾಲ್ಕೂ ಇಂಜೆಕ್ಟರ್ ಬದಲಾಯಿಸ್ಬೇಕು ಅಂದ್ರು, ಎಸ್ಟಿಮೇಟ್ ತೊಂಬತ್ತು ಸಾವಿರ ದಾಟಿತ್ತು. ವಾರಂಟಿ ಮುಂದುವರ್ಸಿದ್ರಿಂದ ಅವರ ಕೈಯಿಂದ ಹೋಗಿದ್ದು ಡೀಸೆಲ್ ಫಿಲ್ಟರು ಆಯಿಲ್ ದುಡ್ಡು ಮಾತ್ರ. ನಮ್ಮ ಪಕ್ಕದ ತೋಟದ ಗೌಡ್ರುದು ಸಣ್ಣ ಪೆಟ್ರೋಲ್ ಗಾಡಿ, ಮ್ಯಾನ್ಯುಯಲ್ ಗೇರು, ಟರ್ಬೊ ಗಿರ್ಬೊ ಏನೂ ಇಲ್ಲ. ಎರಡು ವರ್ಷಕ್ಕೆ ಅಂತ ಹದಿನಾಲ್ಕು ಸಾವಿರ ಕೊಟ್ಟಿದ್ರು, ಅಷ್ಟೂ ದಿನ ಒಂದು ಕ್ಲೇಮೂ ಇಲ್ಲ, ಆದ್ರೆ ಅದೇ ಟೈಮಲ್ಲಿ ಕ್ಲಚ್ ಸೆಟ್ಟು, ಎರಡೂ ಕಡೆ ಲೋಯರ್ ಆರ್ಮು, ನಾಲ್ಕು ಟೈರು ಎಲ್ಲ ಜೇಬಿಂದಾನೇ ಹಾಕ್ಸಿದ್ರು. ಪಾಪ ಅವ್ರಿಗೆ ಬೇಜಾರಾಗಿದ್ದು ದುಡ್ಡಿಗಿಂತ ಜಾಸ್ತಿ, ಏನ್ ಬರತ್ತೆ ಏನ್ ಬರಲ್ಲ ಅಂತ ಯಾರೂ ಬಿಡಿಸಿ ಹೇಳ್ಲಿಲ್ವಲ್ಲ ಅಂತ. ಅವರ ಸಿಟ್ಟು ನ್ಯಾಯವಾದ್ದು ಅಂತಾನೇ ನಾನು ಹೇಳ್ತೀನಿ, ಮಾರೋರು ಆ ಪಟ್ಟಿ ತೋರಿಸಿ ಮಾರ್ಬೇಕು.

ಡೀಸೆಲ್ ಅಂದ್ಮೇಲೆ ಡಿಪಿಎಫ್ ಬಗ್ಗೆ ಹೇಳ್ಲೇಬೇಕು, ಇದು ನಮ್ಮ ಜಿಲ್ಲೆಗಳಿಗೆ ಅಂತಾನೇ ಇರೋ ತಲೆನೋವು. 2020ರ ಏಪ್ರಿಲ್‌ನಿಂದ ಬಿಎಸ್ 6 ಅನ್ನೋ ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಕಾರಲ್ಲಿ ಹೊಗೆಯ ಮಸಿ ಹಿಡಿಯೋಕೆ ಒಂದು ಫಿಲ್ಟರ್ ಇರತ್ತೆ, ಅದೇ ಡಿಪಿಎಫ್. ಅದು ತುಂಬಿದಾಗ ಎಂಜಿನ್ ಬಿಸಿ ಜಾಸ್ತಿ ಮಾಡ್ಕೊಂಡು ಆ ಮಸೀನ ಸುಟ್ಟು ಹಾಕ್ಬೇಕು, ಅದಕ್ಕೆ ಗಾಡಿ ಒಂದೇ ಸಮ ಸ್ವಲ್ಪ ಸ್ಪೀಡಲ್ಲಿ ಹದಿನೈದು ಇಪ್ಪತ್ತು ನಿಮಿಷ ಓಡ್ಬೇಕು. ತೋಟದಿಂದ ಪೇಟೆಗೆ ನಾಲ್ಕು ಕಿಲೋಮೀಟರ್, ಹಾಲಿನ ಡೈರಿ, ಸ್ಕೂಲು, ವಾಪಸ್ ಮನೆ, ಎಲ್ಲ ಎರಡನೇ ಮೂರನೇ ಗೇರಲ್ಲೇ ಓಡಿಸೋ ನಮ್ಮ ಗಾಡಿಗೆ ಆ ಅವಕಾಶಾನೇ ಸಿಗಲ್ಲ. ಮಸಿ ತುಂಬಿ ತುಂಬಿ ಲೈಟ್ ಬರತ್ತೆ, ನೋಡ್ದೇ ಬಿಟ್ರೆ ಎಂಜಿನ್ ಪವರ್ ಕಟ್ ಆಗತ್ತೆ, ಶೋರೂಮಿಗೆ ಹೋದ್ರೆ ಇದು ಗಾಡಿ ದೋಷ ಅಲ್ಲ ಓಡಿಸೋ ರೀತಿ ಅಂತ ಕ್ಲೇಮ್ ತಿರುಗಿಸ್ತಾರೆ, ಫಿಲ್ಟರ್ ಬದಲಾಯಿಸ್ಬೇಕಾಗಿ ಬಂದ್ರೆ ಅದು ಸಣ್ಣ ಬಿಲ್ ಅಲ್ಲ. ಹಂಗಾಗಿ ಲೈಟ್ ಕಂಡ ದಿನಾನೇ ಗಾಡೀನ ಕಡೂರು ರಸ್ತೆಗೋ ಹಾಸನ ಬೆಂಗಳೂರು ಹೈವೇಗೋ ತಗೊಂಡೋಗಿ ಒಂದೇ ಸ್ಪೀಡಲ್ಲಿ ಓಡ್ಸಿ, ನಡುವೆ ಆಫ್ ಮಾಡ್ಬೇಡಿ. ದಿನಾ ಸಣ್ಣ ಸಣ್ಣ ಓಡಾಟಾನೇ ಇರೋ ಮನೆಗೆ ಡೀಸೆಲ್ ಬೇಡವೇ ಬೇಡ ಅನ್ನೋದು ನನ್ನ ಅಭಿಪ್ರಾಯ, ಮೈಲೇಜ್ ಎಷ್ಟೇ ಕೊಡ್ಲಿ.

ವಾರಂಟಿ ಇದ್ದೂ ಕೈಗೆ ಸಿಗದೇ ಹೋಗೋ ಇನ್ನೊಂದಿಷ್ಟು ನಮ್ಮ ಕಡೆ ಜಾಸ್ತಿ. ಕೊಟ್ಟಿಗೆಹಾರದ ಮಂಜಿಗೆ ಅಂತ ಹೊರಗಡೆ ಅಂಗಡೀಲಿ ಫಾಗ್ ಲ್ಯಾಂಪ್ ಹಾಕ್ಸ್ತೀವಿ, ಅವ್ರು ಒರಿಜಿನಲ್ ವೈರ್ ಕಟ್ ಮಾಡಿ ಟೇಪ್ ಸುತ್ತಿ ಕೊಡ್ತಾರೆ, ಆಮೇಲೆ ಎಲೆಕ್ಟ್ರಿಕಲ್ ಪ್ರಾಬ್ಲಂ ಬಂದ್ರೆ ವೈರ್ ಕಟ್ ಮಾಡಿದೀರ ಅಂತ ಕೈ ಎತ್ತಕ್ಕೆ ಶೋರೂಮಿನವ್ರಿಗೆ ಒಂದು ಕಾರಣ ಸಿಕ್ಕಂಗೆ. ವೈರ್ ಕಟ್ ಮಾಡದೇ ಪ್ಲಗ್ ಥರ ಸಿಕ್ಕಿಸೋ ಕಪ್ಲರ್ ಇರೋ ರಿಲೇ ಕಿಟ್ಟನ್ನೇ ಕೇಳಿ ಹಾಕ್ಸಿ. ಇಲಿ ವೈರ್ ಕಡಿದ್ರೂ ವಾರಂಟಿ ಬರಲ್ಲ, ಕೊಟ್ಟಿಗೆ ಪಕ್ಕ ಗಾಡಿ ನಿಲ್ಸೋರು ಇದನ್ನ ನೆನಪಿಡಿ. ಎಂಜಿನ್ ಒಳಗೆ ನೀರು ಹೋದ್ರೂ ಬರಲ್ಲ, ಅದು ಇನ್ಶೂರೆನ್ಸ್ ವಿಷಯ, ಅದ್ರಲ್ಲೂ ಎಂಜಿನ್ ಪ್ರೊಟೆಕ್ಷನ್ ಅನ್ನೋ ಆಡ್ ಆನ್ ಬೇರೆ ತಗೊಂಡಿರ್ಬೇಕು. ತುಂಬಿದ ಹಳ್ಳದಲ್ಲಿ ಗಾಡಿ ನಿಂತೋದ್ರೆ ದಯವಿಟ್ಟು ಮತ್ತೆ ಕೀ ತಿರುಗಿಸ್ಬೇಡಿ, ತಳ್ಳಿ ಹೊರಗೆ ತನ್ನಿ, ಸ್ಟಾರ್ಟ್ ಮಾಡಕ್ಕೆ ಹೋದಾಗ್ಲೇ ಕನೆಕ್ಟಿಂಗ್ ರಾಡ್ ಬಗ್ಗೋದು. ಇನ್ನು ಹೋಂಸ್ಟೇ ಇಟ್ಕೊಂಡು ಸ್ವಂತ ಬಳಕೆಯ ವೈಟ್ ಬೋರ್ಡ್ ಗಾಡೀಲೇ ಗೆಸ್ಟ್‌ಗಳನ್ನ ಬಾಡಿಗೆಗೆ ಮುಳ್ಳಯ್ಯನಗಿರಿ ಸುತ್ಸೋರು ಇದಾರೆ, ಬಾಡಿಗೆಗೆ ಓಡ್ಸಿದ್ದು ಗೊತ್ತಾದ್ರೆ ವಾರಂಟಿ ಇನ್ಶೂರೆನ್ಸ್ ಎರಡಕ್ಕೂ ತೊಂದ್ರೆ.

ವಾರಂಟಿಗೆ ಕೊಡೋ ದುಡ್ಡು ಅಂದ್ರೆ ಆ ಹದಿನೈದು ಇಪ್ಪತ್ತು ಸಾವಿರ ಮಾತ್ರ ಅಲ್ಲ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿದ್ಯಾ ಅಂತ ಮೊದ್ಲು ಕೇಳ್ಕೊಳ್ಳಿ, ಆಮೇಲೆ ಅಷ್ಟೂ ವರ್ಷ ಟೈಮಿಗೆ ಸರಿಯಾಗಿ ಕಂಪನಿ ಸರ್ವೀಸ್ ಸೆಂಟರಲ್ಲೇ ಸರ್ವೀಸ್ ಮಾಡಿಸ್ಬೇಕು. ಮೂಡಿಗೆರೆ ಕೊಪ್ಪ ಕಡೆಯವ್ರಿಗೆ ಅಂದ್ರೆ ಒಂದು ದಿನದ ಕೆಲಸ ಬಿಟ್ಟು ಚಿಕ್ಕಮಗಳೂರಿಗೋ ಹಾಸನಕ್ಕೋ ಹೋಗ್ಬೇಕು, ಕಾಫಿ ಕುಯ್ಲಿನ ಟೈಮಲ್ಲಿ ಅದು ಎಷ್ಟು ಕಷ್ಟ ಅಂತ ತೋಟದವ್ರಿಗೇ ಗೊತ್ತು. ಲೋಕಲ್ ಗ್ಯಾರೇಜಿಗಿಂತ ಅಲ್ಲಿ ಲೇಬರ್ ಜಾಸ್ತಿ, ಅಂಡರ್ ಬಾಡಿ ಕೋಟಿಂಗು, ಎಸಿ ಕ್ಲೀನಿಂಗು, ಎಂಜಿನ್ ಡ್ರೆಸ್ಸಿಂಗು ಅಂತ ಸೇರ್ಸಿದ್ದನ್ನ ಬೇಡ ಅಂದ್ರೆ ಬೇಡ ಅಷ್ಟೆ, ಅವನ್ನ ಮಾಡಿಸ್ಲಿಲ್ಲ ಅಂತ ವಾರಂಟಿ ಹೋಗಲ್ಲ, ಮಾಡಿಸ್ಲೇಬೇಕಾಗಿರೋದು ಓನರ್ಸ್ ಮ್ಯಾನ್ಯುಯಲ್ಲಲ್ಲಿ ಬರ್ದಿರೋದು ಮಾತ್ರ. ನಮ್ಮ ಮಳೆಗೆ ಅಂಡರ್ ಬಾಡಿ ಕೋಟಿಂಗ್ ಮಾಡಿಸೋದು ಒಳ್ಳೇದೇ ಬಿಡಿ, ಅದು ಬೇರೆ ಮಾತು.

ಹೊರಗೆ ಒಂದು ಸಲ ಗಾಡಿ ಮುಟ್ಟಿಸಿದ್ರೂ ವಾರಂಟಿ ಪೂರ್ತಿ ಹೋಯ್ತು ಅಂತ ಹೆದರ್ಸ್ತಾರಲ್ಲ, ಅದ್ರ ಬಗ್ಗೆ ಒಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. 2014ರ ಆಗಸ್ಟಲ್ಲಿ ಮಾರುಕಟ್ಟೇಲಿ ಸ್ಪರ್ಧೆಗೆ ಅಡ್ಡಿ ಮಾಡೋರ ಮೇಲೆ ಕ್ರಮ ತಗೊಳ್ಳೋ ಕಾಂಪಿಟೇಷನ್ ಕಮಿಷನ್ ಆಫ್ ಇಂಡಿಯಾ 14 ಕಾರ್ ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತ್ತು, ಸ್ಪೇರ್ ಪಾರ್ಟು ಮತ್ತೆ ರಿಪೇರಿ ಮಾಹಿತಿ ಹೊರಗಿನ ಗ್ಯಾರೇಜಿಗೆ ಸಿಗದಂಗೆ ಮಾಡಿದಾರೆ ಅಂತ. ಅದೇ ಆರ್ಡರಲ್ಲಿ ಹೊರಗೆ ರಿಪೇರಿ ಮಾಡಿಸಿದ್ರು ಅನ್ನೋ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಮಾಡಂಗಿಲ್ಲ, ಹೊರಗಿನ ಕೆಲಸದಿಂದ ಯಾವುದು ಹಾಳಾಯ್ತೋ ಅದಕ್ಕೆ ಮಾತ್ರ ಇಲ್ಲ ಅನ್ಬಹುದು ಅಂತ ಹೇಳಿತ್ತು. ಕಂಪನಿಗಳು ಕೋರ್ಟಿಗೆ ಹೋದ್ವು, ಕೇಸು ಎಳೀತು. ಹಂಗಾಗಿ ಅದನ್ನೇ ನಂಬ್ಕೊಂಡು ಸರ್ವೀಸ್ ತಪ್ಪಿಸ್ಬೇಡಿ, ಆದ್ರೆ ಚಾರ್ಮಾಡೀಲಿ ಟೈರ್ ಪಂಚರ್ ಹಾಕ್ಸಿದ್ದಕ್ಕೆ, ಊರಲ್ಲಿ ಬ್ರೇಕ್ ಪ್ಯಾಡ್ ಹಾಕ್ಸಿದ್ದಕ್ಕೆ ಎಸಿ ಕಂಪ್ರೆಸರ್ ಕ್ಲೇಮ್ ಇಲ್ಲ ಅಂದ್ರೆ ಸುಮ್ಮನೆ ತಲೆ ಆಡಿಸ್ಕೊಂಡು ಬರ್ಬೇಡಿ.

ಹಾಗಾದ್ರೆ ಯಾರು ತಗೋಬೇಕು? ಡೀಸೆಲ್, ಟರ್ಬೊ ಪೆಟ್ರೋಲ್, ಡ್ಯುಯಲ್ ಕ್ಲಚ್ ಅಥವಾ ಬೇರೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಸನ್‌ರೂಫು ದೊಡ್ಡ ಸ್ಕ್ರೀನು ಕ್ಯಾಮೆರಾ ತುಂಬಿರೋ ಟಾಪ್ ಮಾಡೆಲ್, ಇಂಥ ಗಾಡೀನ ಇನ್ನೂ ನಾಲ್ಕೈದು ವರ್ಷ ಇಟ್ಕೊಳ್ಳೋರು ಕಣ್ಣುಮುಚ್ಚಿ ತಗೊಳ್ಳಿ, ಅದ್ರಲ್ಲೂ ಡ್ಯುಯಲ್ ಕ್ಲಚ್ ಗಾಡಿ ಇಟ್ಕೊಂಡು ಘಾಟಿ ಓಡಾಡೋರು. ಆದ್ರೆ ಅದ್ರ ಕ್ಲಚ್ ಪ್ಲೇಟುಗಳ ಸೆಟ್ಟು, ಅಂದ್ರೆ ಕ್ಲಚ್ ಪ್ಯಾಕ್, ಕವರ್ ಆಗತ್ತಾ ಅಂತ ಬರವಣಿಗೇಲಿ ಕೇಳಿ, ಬಾಯಿ ಮಾತು ಬೇಡ. ಟರ್ಬೊ ಇಲ್ಲದ ಸಾದಾ ಪೆಟ್ರೋಲ್ ಮ್ಯಾನ್ಯುಯಲ್ ಗಾಡಿಗೆ ನಾನಂತೂ ತಗೊಂಡಿಲ್ಲ, ಆ ದುಡ್ಡನ್ನ ಸೊಸೈಟೀಲಿ ಆರ್‌ಡಿ ಮಾಡಿದೀನಿ, ಮಳೆಗಾಲ ಮುಗಿದ್ಮೇಲೆ ಬುಷ್ಷು ಬ್ರೇಕಿಗೆ ಅಲ್ಲಿಂದಾನೇ ತೆಗೆಯೋದು. ಎರಡು ಮೂರು ವರ್ಷದಲ್ಲಿ ಮಾರೋ ಯೋಚನೆ ಇದ್ರೆ ಮಾತ್ರ ಸಾದಾ ಗಾಡಿಗೂ ಸ್ವಲ್ಪ ಅರ್ಥ ಇದೆ, ಹೆಚ್ಚಿನ ಕಂಪನಿಗಳಲ್ಲಿ ವಾರಂಟಿ ಮುಂದಿನ ಓನರ್ ಹೆಸರಿಗೆ ವರ್ಗಾಯಿಸ್ಬಹುದು, ತಗೊಳ್ಳೋರಿಗೆ ಧೈರ್ಯ ಬರತ್ತೆ.

ದುಡ್ಡು ಕಟ್ಟೋ ಮುಂಚೆ ಈಗಿರೋ ವಾರಂಟಿ ಎಲ್ಲಿವರೆಗೆ ಅಂತಾನೂ ನೋಡ್ಕೊಳ್ಳಿ. ಮಾರುತಿ ಮೊದ್ಲು 2 ವರ್ಷ ಅಥವಾ 40,000 ಕಿ.ಮೀ. ಕೊಡ್ತಿತ್ತು, 2024ರ ಜುಲೈಲಿ 3 ವರ್ಷ ಅಥವಾ 1 ಲಕ್ಷ ಕಿ.ಮೀ. ಮಾಡ್ತು, ಹುಂಡೈ ಮನೆ ಬಳಕೆ ಗಾಡಿಗೆ 3 ವರ್ಷ ಕಿಲೋಮೀಟರ್ ಲೆಕ್ಕ ಇಲ್ದೇ ಕೊಡತ್ತೆ. ವರ್ಷ ಕಿಲೋಮೀಟರ್ ಎರಡರಲ್ಲಿ ಯಾವುದು ಮೊದ್ಲು ಮುಗಿಯತ್ತೋ ಅದೇ ಲೆಕ್ಕ, ಅದು ಮುಗಿಯೋಕೆ ಮುಂಚೇನೇ ಎಕ್ಸ್‌ಟೆಂಡೆಡ್ ತಗೋಬೇಕು. ಇನ್ನೊಂದು, ಕಾಗದದಲ್ಲಿ ಕಾರ್ ಕಂಪನಿ ಹೆಸರೇ ಇದ್ಯಾ ಇಲ್ಲ ಡೀಲರ್ ಬೇರೆ ಯಾವುದೋ ಕಂಪನೀದು ಮಾರ್ತಿದಾನಾ ನೋಡಿ. ಹೊರಗಿನವ್ರದ್ದರಲ್ಲಿ ವರ್ಷಕ್ಕೆ ಇಷ್ಟೇ ಅಂತ ಮಿತಿ ಇರಬಹುದು, ಬೇರೆ ಊರಲ್ಲಿ ಕೆಟ್ಟು ನಿಂತ್ರೆ ಅಲ್ಲಿ ಒಪ್ಪದೇ ಇರಬಹುದು, ಮಂಗಳೂರಲ್ಲಿ ಗಾಡಿ ನಿಂತಾಗ ಹಾಸನದ ಡೀಲರ್ ಕಾಗದ ತಗೊಂಡು ಏನ್ ಮಾಡೋದು.

ಕ್ಲೇಮ್ ಇಲ್ಲ ಅಂದ್ರೆ ವಾರಂಟಿಯ ಯಾವ ಷರತ್ತಿನ ಪ್ರಕಾರ ಇಲ್ಲ ಅಂತ ಇಮೇಲಲ್ಲಿ ಬರ್ಸ್ಕೊಳ್ಳಿ, ಹಳೇ ಪಾರ್ಟ್ ಫೋಟೋ ತಗೊಳ್ಳಿ, ಗಾಡಿ ಬಿಡೋವಾಗ ಕೆಲಸ ಬರ್ಕೊಳ್ಳೋ ಜಾಬ್ ಕಾರ್ಡಿನ ಕಾಪಿ ಬಿಡಬೇಡಿ. ಬರ್ದು ಕೊಡಿ ಅಂದ ತಕ್ಷಣ ಎಷ್ಟೋ ಕಡೆ ಮಾತಿನ ಧಾಟಿನೇ ಬದಲಾಗತ್ತೆ. ಅದಕ್ಕೂ ಬಗ್ಗಲಿಲ್ಲ ಅಂದ್ರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ಆಮೇಲೂ ಆಗದಿದ್ರೆ ಜಿಲ್ಲಾ ಗ್ರಾಹಕರ ಆಯೋಗ ಹಾಸನದಲ್ಲೂ ಇದೆ ಚಿಕ್ಕಮಗಳೂರಲ್ಲೂ ಇದೆ. 2019ರ ಕಾಯ್ದೆ ಬಂದ ಮೇಲೆ ಗಾಡಿ ಎಲ್ಲೇ ತಗೊಂಡಿದ್ರೂ ನೀವು ವಾಸ ಇರೋ ಜಿಲ್ಲೇಲೇ ಕೇಸ್ ಹಾಕ್ಬಹುದು, ಬೆಂಗಳೂರಿಗೆ ಅಲೀಬೇಕಿಲ್ಲ, ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ರೆ ಫೀಸೂ ಇಲ್ಲ, ವಕೀಲ್ರು ಇಲ್ದೇ ನೀವೇ ವಾದ ಮಾಡ್ಬಹುದು, ತೊಂದ್ರೆ ಆದ ದಿನದಿಂದ 2 ವರ್ಷದ ಒಳಗೆ ಹಾಕ್ಬೇಕು ಅಷ್ಟೆ.