ಹ್ಯಾಂಡಿ ಹಿಡಿದು ನಿಂತ ಜಾಗ

15 ನವೆಂಬರ್ 2025, ಶನಿವಾರ

ಹವ್ಯಾಸಿ ರೇಡಿಯೊ (ಹ್ಯಾಮ್) ಪರವಾನಗಿ ಬಂದು, ಗಾಳಿಯಲ್ಲಿ ನನ್ನ ಗುರುತಾಗುವ ಕರೆ ಸಂಕೇತ ಸಿಕ್ಕ ಮೇಲೆ ತರಿಸಿಕೊಂಡ ಮೊದಲ ಹ್ಯಾಂಡಿ ಇವತ್ತು ಬಾಯಿ ಬಿಟ್ಟಿತು. ಅಂಗೈಗೆ ಒಗ್ಗುವ, ಕೇಳಲೂ ಮಾತಾಡಲೂ ಬರುವ ಪುಟ್ಟ ರೇಡಿಯೊ ಸೆಟ್. 2 ಮೀಟರ್ ಮತ್ತು 70 ಸೆಂಟಿಮೀಟರ್ ಉದ್ದದ ತರಂಗಗಳ ಎರಡೂ ಬ್ಯಾಂಡ್‌ಗಳಲ್ಲಿ ಕೆಲಸ ಮಾಡುತ್ತದೆ. ಗರಿಷ್ಠ ಶಕ್ತಿ 5 ವ್ಯಾಟ್. ಹೊಸ ಸೆಟ್ ಕಂಡವರೆಲ್ಲ ಮೊದಲು ಕೇಳುವುದು ‘ಎಷ್ಟು ದೂರ ಹೋಗುತ್ತದೆ?’ ಎಂದೇ. ಡಬ್ಬಿಯ ಮೇಲೆ ಅದಕ್ಕೊಂದು ಕಿಲೋಮೀಟರ್ ಲೆಕ್ಕವನ್ನೂ ಮುದ್ರಿಸಿರುತ್ತಾರೆ. ದಿನವಿಡೀ ಪರೀಕ್ಷಿಸಿ ನೋಡಿದ ಮೇಲೆ ನನಗೆ ಅನ್ನಿಸಿದ್ದು, ಆ ಲೆಕ್ಕವನ್ನು ಮರೆತುಬಿಡುವುದೇ ಮೇಲು. ದೂರವನ್ನು ನಿರ್ಧರಿಸುವುದು ಸೆಟ್ಟಿಗಿಂತ ಹೆಚ್ಚಾಗಿ ಅದನ್ನು ಹಿಡಿದವರು ನಿಂತ ಜಾಗ.

ಬೆಳಿಗ್ಗೆ ಸೆಟ್ ಜೋಡಿಸಿದೆ. ಬ್ಯಾಟರಿ 7.4 ವೋಲ್ಟಿನ ಲಿಥಿಯಂ ಅಯಾನ್, ಒಳಗೆ ಸರಣಿಯಲ್ಲಿ ಜೋಡಿಸಿದ ಎರಡು ಸೆಲ್‌ಗಳು. ಹಸಿರು ದೀಪ ಬರುವ ತನಕ ಚಾರ್ಜಿಗಿಟ್ಟು, ಆಮೇಲೆ ಆಂಟೆನಾ ತಿರುಗಿಸಿ ಬಿಗಿ ಮಾಡಿದೆ. ಆಂಟೆನಾ ಇಲ್ಲದೆ ಪಿಟಿಟಿ, ಎಂದರೆ ಪ್ರಸಾರ ಶುರು ಮಾಡುವ ಗುಂಡಿ, ಒತ್ತಬಾರದು. ಹೊರಗೆ ಹೋಗಬೇಕಾದ ಶಕ್ತಿ ಹಿಂದಕ್ಕೇ ತಿರುಗಿ, ಕೊನೆಯ ಹಂತದ ಟ್ರಾನ್ಸಿಸ್ಟರ್ ಕಾದು ಸುಟ್ಟುಹೋಗಬಹುದು. ಈ ರಬ್ಬರ್ ಆಂಟೆನಾ ನೋಡಲು ಗಿಡ್ಡ. 145 ಮೆಗಾಹರ್ಟ್ಸ್‌ನಲ್ಲಿ ತರಂಗದ ಉದ್ದ ಸುಮಾರು 2.07 ಮೀಟರ್, ಅದರ ಕಾಲು ಭಾಗವೆಂದರೂ ಅರ್ಧ ಮೀಟರ್ ಮೀರುತ್ತದೆ. ಅಷ್ಟುದ್ದದ ತಂತಿಯನ್ನು ಸುರುಳಿ ಸುತ್ತಿ ಗೇಣುದ್ದಕ್ಕೆ ಇಳಿಸಿದ್ದಾರೆ. ಜೇಬಿಗೆ ಅನುಕೂಲ, ಸಿಗ್ನಲ್ಲಿಗೆ ನಷ್ಟ.

ಮೆನುವಿನಲ್ಲಿ ಮೊದಲು ಮುಚ್ಚಿದ್ದು ಗುಂಡಿಯ ಸದ್ದು. ಮಾತು ಮುಗಿದಾಗ ‘ಬೀಪ್’ ಎನ್ನುವ ಸೌಲಭ್ಯವನ್ನೂ, ದನಿ ಕೇಳಿದೊಡನೆ ತಾನೇ ಪ್ರಸಾರ ಶುರು ಮಾಡುವ ವಾಕ್ಸ್ ಅನ್ನೂ ಆಫ್ ಮಾಡಿದೆ. ಸತತ ಪ್ರಸಾರಕ್ಕೆ ಮೂರು ನಿಮಿಷದ ಮಿತಿ ಇಟ್ಟೆ: ಚೀಲದಲ್ಲಿ ಗುಂಡಿ ಅದುಮಿಕೊಂಡರೆ ಒಂದು ಇಡೀ ಚಾನೆಲ್ ಎಲ್ಲರಿಗೂ ಬಂದ್ ಆಗುತ್ತದೆ, ಅದಕ್ಕೆ ಈ ಕಾವಲು ಬೇಕೇ ಬೇಕು.

ಚಾನೆಲ್‌ಗಳನ್ನು ಕೇಬಲ್ ಸಿಕ್ಕಿಸಿ ಕಂಪ್ಯೂಟರಿನಿಂದ ತುಂಬುವುದು ಸುಲಭ. ಆದರೂ ರಿಪೀಟರಿನ ವಿವರವನ್ನು ಕೀಲಿಗಳಿಂದಲೇ ತುಂಬಿದೆ, ಮೊದಲ ಸಲ ಎಲ್ಲರೂ ಹಾಗೆಯೇ ಮಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎತ್ತರದಲ್ಲಿ ಕುಳಿತ ರಿಪೀಟರ್ ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿಸಿಕೊಳ್ಳುತ್ತ, ಅದೇ ಗಳಿಗೆಯಲ್ಲಿ ಇನ್ನೊಂದರಲ್ಲಿ ಮರುಪ್ರಸಾರ ಮಾಡುತ್ತದೆ. 2 ಮೀಟರ್ ಬ್ಯಾಂಡಿನಲ್ಲಿ ಈ ಎರಡರ ನಡುವೆ ಸಾಮಾನ್ಯವಾಗಿ 600 ಕಿಲೋಹರ್ಟ್ಸ್ ಅಂತರವಿರುತ್ತದೆ. ಜೊತೆಗೊಂದು ಟೋನ್: 67.0ರಿಂದ 254.1 ಹರ್ಟ್ಸ್‌ವರೆಗಿನ ಗೊತ್ತಾದ ಪಟ್ಟಿಯಲ್ಲಿ ಒಂದು. ನಮ್ಮ ಮಾತಿನ ತಳದಲ್ಲಿ ಅದು ಸಣ್ಣಗೆ ಗುನುಗುತ್ತಿದ್ದರೆ ಮಾತ್ರ ರಿಪೀಟರ್ ಬಾಗಿಲು ತೆರೆಯುತ್ತದೆ. ಅಂತರ, ಅದರ ದಿಕ್ಕು, ಟೋನ್ ಇವನ್ನೆಲ್ಲ ಒಂದೊಂದಾಗಿ ಒತ್ತಿ ಉಳಿಸಿದಾಗ ಪರದೆಯ ಮೂಲೆಯಲ್ಲಿ ಪುಟ್ಟ ‘ಕಳೆ’ ಗುರುತು ಮೂಡಿತು. ಪಿಟಿಟಿ ಒತ್ತಿದರೆ ತೋರಿಸುವ ಅಂಕಿ ತಟ್ಟನೆ 600 ಕಿಲೋಹರ್ಟ್ಸ್ ಕೆಳಗಿಳಿಯುತ್ತದೆ, ಬಿಟ್ಟರೆ ಮೇಲೇರುತ್ತದೆ. ಪರೀಕ್ಷೆಗೆ ಓದಿಕೊಂಡಿದ್ದು ಹೀಗೆ ಬೆರಳ ತುದಿಯಲ್ಲಿ ಕಂಡದ್ದು ನನಗೆ ಬಹಳ ಸಂತೋಷ ಕೊಟ್ಟಿತು.

ಮಾತಾಡುವ ಮುನ್ನ ಬಹಳ ಹೊತ್ತು ಕೇಳಿದೆ. ಸಿಗ್ನಲ್ ಇಲ್ಲದಾಗ ಸದ್ದು ಮುಚ್ಚಿಡುವ ಸ್ಕ್ವೆಲ್ಚ್ ಅನ್ನು ಸೊನ್ನೆಗೆ ಇಳಿಸಿದರೆ ಎಡೆಬಿಡದ ‘ಸೋ’ ಸದ್ದು. ಅಷ್ಟರಲ್ಲಿ ಯಾರೋ ದೂರದಲ್ಲಿ ಗುಂಡಿ ಒತ್ತುತ್ತಾರೆ. ಅವರಿನ್ನೂ ಮಾತೆತ್ತಿರುವುದಿಲ್ಲ, ಆದರೆ ಆ ಸದ್ದು ಒಮ್ಮೆಗೇ ಅಡಗುತ್ತದೆ. ಎಫ್‌ಎಂನ ಗುಣವೇ ಇದು: ಬಂದ ಸಿಗ್ನಲ್ ಗದ್ದಲವನ್ನು ಹತ್ತಿಕ್ಕುತ್ತದೆ. ಇಬ್ಬರು ಒಂದೇ ಹೊತ್ತಿಗೆ ಒತ್ತಿದರೆ ಬಲವಾದ ಸಿಗ್ನಲ್ ಮಾತ್ರ ಕೇಳಿಸುತ್ತದೆ, ಇನ್ನೊಬ್ಬರು ಅಲ್ಲಿ ಇರಲೇ ಇಲ್ಲವೇನೋ ಎಂಬಂತೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನಿಕರು ಬೆನ್ನಿಗೆ ಕಟ್ಟಿಕೊಂಡು ತಿರುಗಿದ ಎಸ್‌ಸಿಆರ್-300 ಸೆಟ್ ಕೂಡ ಎಫ್‌ಎಂ ಸೆಟ್ಟೇ. ‘ವಾಕಿಟಾಕಿ’ ಎಂದು ಜಗತ್ತಿನ ಬಾಯಲ್ಲಿ ನಿಂತದ್ದು ಆ ಬೆನ್ನುಹೊರೆ. ಇವತ್ತು ಅದಕ್ಕಿಂತ ಎಷ್ಟೋ ಹೆಚ್ಚಿನ ಕೆಲಸ ಅಂಗೈಯಲ್ಲಿ ಕೂತಿದೆ.

ಪರೀಕ್ಷೆಗೆ ಜೊತೆಯಾದವರು ನನಗೆ ಪಾಠ ಹೇಳಿಕೊಟ್ಟ ಹಿರಿಯ ಹ್ಯಾಮ್. ಅವರಿರುವುದು ಸುಮಾರು ಆರು ಕಿಲೋಮೀಟರ್ ದೂರ, ಅವರ ಆಂಟೆನಾ ಮನೆಯ ಮೇಲೆ ಕಂಬದ ತುದಿಯಲ್ಲಿದೆ. ರಿಪೀಟರ್ ಬೇಡ, ನೇರವಾಗಿಯೇ ಮಾತಾಡೋಣ ಎಂದು ಮೊದಲೇ ಹೇಳಿದ್ದರು. ಫ್ರೀಕ್ವೆನ್ಸಿ ಖಾಲಿಯಿದೆಯೇ ಎಂದು ಕೇಳಿ, ಅವರ ಕರೆ ಸಂಕೇತ ಹೇಳಿ, ನನ್ನದನ್ನು ಹೇಳಿ, ಗುಂಡಿ ಬಿಟ್ಟೆ. ಉತ್ತರದಲ್ಲಿ ಎರಡು ಅಂಕಿ ಬರುತ್ತವೆ: ಮೊದಲನೆಯದು ಐದರಲ್ಲಿ ಮಾತಿನ ಸ್ಪಷ್ಟತೆ, ಎರಡನೆಯದು ಒಂಬತ್ತರಲ್ಲಿ ಸಿಗ್ನಲ್ಲಿನ ಬಲ.

“ನಿಮ್ಮ ದನಿ ಮೂರು-ಎರಡು. ಗದ್ದಲದಲ್ಲಿ ಅರ್ಧ ಮುಳುಗಿದೆ. ಎಲ್ಲಿ ನಿಂತಿದ್ದೀರಿ? ಓವರ್.”

“ಕೋಣೆಯ ನಡುವೆ ಸರ್. ಶಕ್ತಿ 1 ವ್ಯಾಟ್. ಈಗ 5 ವ್ಯಾಟಿಗೆ ಏರಿಸುತ್ತೇನೆ. ಓವರ್.”

ಏರಿಸಿದೆ. ಮೂರು-ಮೂರು ಎಂದರು. ಅಷ್ಟೇ. ಲೆಕ್ಕ ಹಾಕಿದರೆ ಇದರಲ್ಲಿ ಅಚ್ಚರಿಯಿಲ್ಲ: ಐದು ಪಟ್ಟು ಶಕ್ತಿಯೆಂದರೆ 7 ಡೆಸಿಬೆಲ್, ಸಿಗ್ನಲ್ ಮಾಪಕದ ಒಂದು ಅಂಕಕ್ಕೆ 6 ಡೆಸಿಬೆಲ್ ಎಂಬುದು ವಾಡಿಕೆಯ ಅಳತೆ. ಬ್ಯಾಟರಿ ಬೇಗ ಬರಿದಾಯಿತು, ಸೆಟ್ ಬಿಸಿಯಾಯಿತು, ಸಿಕ್ಕದ್ದು ಒಂದು ಅಂಕ. ಮತ್ತೆ 1 ವ್ಯಾಟಿಗೆ ಇಳಿಸಿ, ಮಾತು ನಿಲ್ಲಿಸದೆ ಅರ್ಧ ಹೆಜ್ಜೆ ಎಡಕ್ಕೆ ಸರಿದೆ.

“ಈಗ ಏನು ಮಾಡಿದಿರಿ? ಐದು-ಆರು ಬಂತು. ಅಲ್ಲಿಯೇ ನಿಲ್ಲಿ. ಓವರ್.”

ಈ ಅರ್ಧ ಹೆಜ್ಜೆಯ ಬಗ್ಗೆ ಇಡೀ ಪುಟ ಬರೆಯಬಹುದು. ಕೋಣೆಯೊಳಗೆ ಸಿಗ್ನಲ್ ಒಂದೇ ದಾರಿಯಲ್ಲಿ ಬರುವುದಿಲ್ಲ. ಗೋಡೆ, ಕಿಟಕಿಯ ಕಂಬಿ, ಕಬ್ಬಿಣದ ಕಪಾಟು ಎಲ್ಲಕ್ಕೂ ಬಡಿದು ನಾಲ್ಕಾರು ದಾರಿಯಲ್ಲಿ ಬರುತ್ತದೆ. ಆ ತರಂಗಗಳು ಒಂದು ಜಾಗದಲ್ಲಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಇನ್ನೊಂದು ಜಾಗದಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ. ಅಳಿಸಿಹೋದ ಎರಡು ಜಾಗಗಳ ನಡುವಿನ ಅಂತರ ಸುಮಾರು ಅರ್ಧ ತರಂಗದಷ್ಟು, ಎಂದರೆ ಈ ಬ್ಯಾಂಡಿನಲ್ಲಿ ಒಂದು ಮೀಟರ್. ಹಾಗಾಗಿ ತೀರ ಕೆಟ್ಟ ಜಾಗದಿಂದ ಒಳ್ಳೆಯ ಜಾಗಕ್ಕೆ ಅರ್ಧ ಮೀಟರ್ ಸಾಕು. ಹೊರಗಿನಿಂದ ನೋಡಿದವರಿಗೆ ಏನೂ ಬದಲಾಗಿರುವುದಿಲ್ಲ: ಅದೇ ಕೋಣೆ, ಅದೇ ಮನುಷ್ಯ, ಅದೇ ಸೆಟ್. ಆದರೆ ಸಿಗ್ನಲ್ಲಿನ ಪಾಲಿಗೆ ಒಂದು ಅಂಗುಲವೂ ಒಂದು ಊರು. ದನಿ ಕಡಿದುಹೋದಾಗ ಗುಂಡಿಯನ್ನು ಇನ್ನಷ್ಟು ಜೋರಾಗಿ ಒತ್ತಿ ಕೂಗುವವರನ್ನು ಕಂಡಿದ್ದೇನೆ. ಅವರಿಗೆಲ್ಲ ಇದೊಂದು ಮಾತು ಯಾರಾದರೂ ಹೇಳಬೇಕು: ಸರಿದು ನಿಲ್ಲಿ.

ಮಧ್ಯಾಹ್ನದ ಮೇಲೆ ತಾರಸಿ ಹತ್ತಿದೆ. ಸಿಗ್ನಲ್ ನೇರ ಐದು-ಒಂಬತ್ತು, ಅದೂ 1 ವ್ಯಾಟಿನಲ್ಲಿ. ಗಾಳಿ ಮೇಲೇರಿದಂತೆ ತೆಳುವಾಗುವುದರಿಂದ ಈ ತರಂಗಗಳು ನೆಲದ ಕಡೆಗೆ ತುಸು ಬಾಗುತ್ತವೆ. ಹಾಗಾಗಿ ರೇಡಿಯೊ ದಿಗಂತ ಕಣ್ಣಿನ ದಿಗಂತಕ್ಕಿಂತ ಸ್ವಲ್ಪ ಆಚೆಗಿರುತ್ತದೆ. ಆಂಟೆನಾದ ಎತ್ತರ ಎಷ್ಟು ಮೀಟರೋ ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಆ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ನೆಲದ ಮೇಲೆ ನಿಂತವನ ಕೈಯಲ್ಲಿ, ಒಂದೂವರೆ ಮೀಟರ್ ಎತ್ತರಕ್ಕೆ, ಸುಮಾರು 5 ಕಿಲೋಮೀಟರ್. 12 ಮೀಟರ್ ಎತ್ತರಕ್ಕೆ 14 ದಾಟುತ್ತದೆ. ಕಟ್ಟಡ, ಮರ, ಗುಡ್ಡ ಅಡ್ಡ ಬಂದರೆ ಈ ಲೆಕ್ಕವೂ ಕುಸಿಯುತ್ತದೆ ಎನ್ನುವುದು ಬೇರೆ ಮಾತು.

ತಾರಸಿಯ ಮೇಲೆಯೇ ಉಳಿದ ಪರೀಕ್ಷೆಗಳನ್ನು ಮುಗಿಸಿದೆವು. ಸೆಟ್ಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರೆ ಮೈಯೇ ಒಂದು ಪಾಲು ಸಿಗ್ನಲ್ ನುಂಗುತ್ತದೆ. ಮುಖದ ಮುಂದೆ ನೆಟ್ಟಗೆ ಹಿಡಿದರೆ ಚೇತರಿಸಿಕೊಳ್ಳುತ್ತದೆ. ಆಂಟೆನಾವನ್ನು ಅಡ್ಡ ಮಲಗಿಸಿದಾಗ ದನಿ ಪಾತಾಳಕ್ಕಿಳಿಯಿತು ಎಂದರು ಅವರು. ಅವರ ಆಂಟೆನಾ ನೆಟ್ಟಗೆ, ನನ್ನದು ಅಡ್ಡ ಇದ್ದರೆ ನಷ್ಟ 20 ಡೆಸಿಬೆಲ್ ತನಕ ಹೋಗಬಹುದು, ಅಂದರೆ ನೂರರಲ್ಲಿ ಒಂದು ಪಾಲು. ಮೈಕನ್ನು ಬಾಯಿಂದ ನಾಲ್ಕೈದು ಸೆಂಟಿಮೀಟರ್ ದೂರ ಹಿಡಿದು, ಅದರ ಪಕ್ಕಕ್ಕೆ ಮಾತಾಡಿದರೆ ‘ಪ’ಕಾರ ‘ಬ’ಕಾರಗಳು ಸಿಡಿಯುವುದಿಲ್ಲ. ಗುಂಡಿ ಒತ್ತಿದ ಮೇಲೆ ಒಂದು ಕ್ಷಣ ತಡೆದು ಮಾತು ಶುರು ಮಾಡಬೇಕು, ಇಲ್ಲದಿದ್ದರೆ ಮೊದಲ ಅಕ್ಷರವೇ ತುಂಡಾಗುತ್ತದೆ.

ಇನ್ನೊಂದು ಪ್ರಯೋಗಕ್ಕೆ ಮತ್ತೆ ಕೋಣೆಗೆ ಇಳಿದೆ. 49 ಸೆಂಟಿಮೀಟರ್ ಉದ್ದದ ತೆಳ್ಳನೆಯ ತಂತಿಯನ್ನು ಆಂಟೆನಾದ ಬುಡದ ಲೋಹದ ಭಾಗಕ್ಕೆ ಸುತ್ತಿ ಕೆಳಗೆ ಇಳಿಬಿಟ್ಟೆ. ಹ್ಯಾಂಡಿಯಲ್ಲಿ ಆಂಟೆನಾದ ಇನ್ನರ್ಧದ ಕೆಲಸವನ್ನು ಸೆಟ್ಟಿನ ಮೈ ಮತ್ತು ಹಿಡಿದ ಕೈ ಹೇಗೋ ನಿಭಾಯಿಸುತ್ತಿರುತ್ತವೆ. ಈ ಬಾಲ ಆ ಹೊಣೆಯನ್ನು ಸರಿಯಾಗಿ ಹೊತ್ತುಕೊಳ್ಳುತ್ತದೆ. ನಿಂತ ಜಾಗ ಬದಲಿಸದೆ ಸಿಗ್ನಲ್ ಸ್ಪಷ್ಟವಾಗಿ ಏರಿತು. ವ್ಯಾಟ್ ಏರಿಸಿ ಪಡೆದದ್ದಕ್ಕಿಂತ ಇದು ಹೆಚ್ಚೇ ಎಂದು ಅವರೂ ಒಪ್ಪಿದರು.

ಸಂಜೆ ಲಾಗ್ ಪುಸ್ತಕಕ್ಕೆ ಎಲ್ಲವನ್ನೂ ಯುಟಿಸಿ (ಜಾಗತಿಕ ಪ್ರಮಾಣ) ಸಮಯದಲ್ಲಿ ಬರೆದು, ಮುಂದಿನ ವಾರಕ್ಕಾಗಿ ಐದು ಚಾನೆಲ್ ತುಂಬಿದೆ. ಗೋಡೆಯೊಂದು ಅಡ್ಡವಿದ್ದರೆ ಆರು ಕಿಲೋಮೀಟರಿಗೆ ಒದ್ದಾಡುವ ಈ ಸೆಟ್ಟಿಗೆ 400 ಕಿಲೋಮೀಟರ್ ಮೇಲಿರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಎಟುಕುತ್ತದೆ, ಏಕೆಂದರೆ ನಡುವೆ ಅಡ್ಡ ಏನೂ ಇಲ್ಲ. ಅಲ್ಲಿರುವ ಹವ್ಯಾಸಿ ರಿಪೀಟರ್ 145.990 ಮೆಗಾಹರ್ಟ್ಸ್‌ನಲ್ಲಿ 67.0 ಹರ್ಟ್ಸ್ ಟೋನ್ ಜೊತೆಗೆ ಕೇಳಿಸಿಕೊಂಡು 437.800 ಮೆಗಾಹರ್ಟ್ಸ್‌ನಲ್ಲಿ ಮರುಪ್ರಸಾರ ಮಾಡುತ್ತದೆ. ನಿಲ್ದಾಣದ ವೇಗದಿಂದಾಗಿ ಅದು ನಮ್ಮತ್ತ ಬರುವಾಗ ಸುಮಾರು 10 ಕಿಲೋಹರ್ಟ್ಸ್ ಮೇಲೆ, ದೂರ ಸರಿಯುವಾಗ ಅಷ್ಟೇ ಕೆಳಗೆ ಕೇಳಿಸುತ್ತದೆ. ಅದಕ್ಕಾಗಿ 437.810ರಿಂದ 437.790ರವರೆಗೆ 5 ಕಿಲೋಹರ್ಟ್ಸ್ ಅಂತರದಲ್ಲಿ ಚಾನೆಲ್‌ಗಳು. ತಲೆಯ ಮೇಲೆ ಹಾದುಹೋಗಲು ಅದಕ್ಕೆ ಹತ್ತು ನಿಮಿಷ ಬೇಕು. ಮೊದಲ ಸುತ್ತಿನಲ್ಲಿ ಬರೀ ಕೇಳುತ್ತೇನೆ. ಯಾವ ಕೋನದಲ್ಲಿ ಆಂಟೆನಾ ಹಿಡಿದರೆ ದನಿ ಸ್ಪಷ್ಟ ಎಂದು ಗೊತ್ತಾದ ಮೇಲೆ ಕರೆ.